ಆಟ, ಓದು ಮತ್ತು ಊರಿನ ಋಣ



1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಫುಟ್‌ಬಾಲ್ ತಂಡವು ಫ್ರಾನ್ಸನ್ನು ಎದುರಿಸಿತು. ಬಹುತೇಕ ಆಟಗಾರರು ಬರಿಗಾಲಿನಲ್ಲಿ ಆಡಿದರು. ಪಂದ್ಯವು 2–1ರಿಂದ ಕೈತಪ್ಪಿತು. ಭಾರತದ ಆ ಒಂದು ಗೋಲನ್ನು ಗಳಿಸಿದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ನಾಯಕರು ನಾಗಾ ಬೆಟ್ಟಗಳ ಚಾಂಗ್ಕಿ ಗ್ರಾಮದ ತಾಲಿಮೆರೆನ್ ಆವೊ. ಆಗ ಅವರಿನ್ನೂ ಕಲ್ಕತ್ತೆಯಲ್ಲಿ ವೈದ್ಯಕೀಯ ವಿದ್ಯಾರ್ಥಿ.

ಆಟದ ಕೀರ್ತಿ ದೊರೆತರೂ ಅವರು ಓದನ್ನು ಬಿಡಲಿಲ್ಲ. 1950ರಲ್ಲಿ ವೈದ್ಯ ಪದವಿ ಪಡೆದು, ನಂತರ ಕೊಹಿಮಾದಲ್ಲಿ ಸರ್ಕಾರಿ ವೈದ್ಯರಾಗಿ ತಮ್ಮ ಜನರ ಸೇವೆಗೆ ನಿಂತರು. 1978ರಲ್ಲಿ ನಾಗಾಲ್ಯಾಂಡಿನ ಆರೋಗ್ಯ ಸೇವೆಗಳ ನಿರ್ದೇಶಕರಾಗಿ ನಿವೃತ್ತರಾದರು.

ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿ ಭಾಗದ ಕಾಡಂಚಿನ ಊರುಗಳ ಮಕ್ಕಳೂ ಉನ್ನತ ವ್ಯಾಸಂಗಕ್ಕಾಗಿ ಬೆಳಗಾವಿಗೆ ಬರುತ್ತಾರೆ. ಕಾಲೇಜು ತಂಡದ ಅಭ್ಯಾಸ ಮುಗಿಯುವಷ್ಟರಲ್ಲಿ ಊರಿನ ಕೊನೆಯ ಬಸ್ಸು ಹೊರಟುಹೋದರೆ, ವಿದ್ಯಾರ್ಥಿಯು ಮೊದಲು ಬಿಡುವುದು ಆಟವನ್ನು. ಬಡತನ ಹೆಚ್ಚಿದ್ದರೆ ಓದನ್ನೂ ಬಿಡುತ್ತಾನೆ. ಇದನ್ನು ತಡೆಯುವಲ್ಲಿ ಪಂಚಾಯತಿಯ ಪಾತ್ರ ಚಿಕ್ಕದಲ್ಲ.

ಆದುದರಿಂದ ಶಾಲಾ ಮೈದಾನದ ಗಡಿಯನ್ನು ಅಳತೆ ಮಾಡಿಸಿ ಒತ್ತುವರಿಯಿಂದ ಕಾಪಾಡಬೇಕು. ಗ್ರಾಮ ಪಂಚಾಯತಿ ಗ್ರಂಥಾಲಯವು ಸಂಜೆಯ ಹೊತ್ತು ತೆರೆದಿರಬೇಕು. ಬಸ್ಸಿನ ವೇಳೆಯ ಕುರಿತು ಠರಾವು ಮಾಡಿ ಸಾರಿಗೆ ಸಂಸ್ಥೆಗೆ ಕಳುಹಿಸಬೇಕು. ಪ್ರತಿಯಾಗಿ, ರಜೆಯ ದಿನಗಳಲ್ಲಿ ಕಿರಿಯರಿಗೆ ಆಟವನ್ನೂ ಪಾಠವನ್ನೂ ಕಲಿಸುವಂತೆ ಆ ವಿದ್ಯಾರ್ಥಿಗಳನ್ನು ಕೋರಬಹುದು.

ಈ ವಿಷಯವು ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಸ್ಥಾನ ಪಡೆಯಲಿ.