ಲಿವರ್‌ಪೂಲಿನ ಧಾರಣೆ, ಧಾರವಾಡದ ಹತ್ತಿ



ನಮ್ಮ ಅರ್ಥಶಾಸ್ತ್ರದ ತರಗತಿಗಳಲ್ಲಿ ಜಾಗತೀಕರಣದ ಪಾಠ 1991ರಿಂದ ಆರಂಭವಾಗುತ್ತದೆ. ವಿದೇಶಿ ವಿನಿಮಯದ ಬಿಕ್ಕಟ್ಟು, ಚಿನ್ನ ಅಡವಿಟ್ಟದ್ದು, ಲೈಸೆನ್ಸ್ ಪದ್ಧತಿ ಸಡಿಲವಾದದ್ದು, 1995ರಲ್ಲಿ ವಿಶ್ವ ವ್ಯಾಪಾರ ಸಂಘಟನೆ, ಆಮೇಲೆ ಬೆಂಗಳೂರಿನ ಸಾಫ್ಟ್‌ವೇರ್. ಅಷ್ಟು ಹೊತ್ತಿಗೆ ವಿದ್ಯಾರ್ಥಿ ಪರವೋ ವಿರೋಧವೋ ಒಂದು ಕಡೆ ಸೇರಿಕೊಂಡಿರುತ್ತಾನೆ, ಪಾಠ ಮುಗಿದಿರುತ್ತದೆ. ನಾವು ಧಾರವಾಡದಲ್ಲಿ ಕೂತು ಈ ಮಾತಾಡುತ್ತಿರುವುದರಿಂದ ನಾನು 1991ರಿಂದ 130 ವರ್ಷ ಹಿಂದಕ್ಕೆ ಹೋಗುತ್ತೇನೆ. ಈ ಸುತ್ತಿನ ಎರೆ ಹೊಲಗಳು ಆಗಲೇ ಜಗತ್ತಿನ ಪೇಟೆಗೆ ಸೇರಿಹೋಗಿದ್ದವು. ಆ ಚರಿತ್ರೆಯನ್ನು ಎದುರಿಗಿಟ್ಟುಕೊಂಡು ನಮ್ಮ ಸಿದ್ಧಾಂತಗಳಿಗೆ ಒಂದು ಪ್ರಶ್ನೆ ಕೇಳಬೇಕು ಎಂಬುದು ನನ್ನ ಆಶಯ: ದೂರದ ಪೇಟೆಯಲ್ಲಿ ಧಾರಣೆ ಏರಿಳಿದಾಗ ಆ ಏಟನ್ನು ತಿನ್ನುವವರು ಯಾರು?

ಜಾಗತೀಕರಣ ಯಾವಾಗ ಶುರುವಾಯಿತು ಎಂಬುದರಲ್ಲೇ ಇತಿಹಾಸಕಾರರಿಗೆ ಒಮ್ಮತವಿಲ್ಲ. ಡೆನ್ನಿಸ್ ಫ್ಲಿನ್ ಮತ್ತು ಆರ್ಟುರೊ ಹಿರಾಲ್ಡೆಸ್ 1571 ಎನ್ನುತ್ತಾರೆ. ಸ್ಪೇನಿನವರು ಮನಿಲಾ ನಗರ ಕಟ್ಟಿದ ವರ್ಷ ಅದು. ಅಮೆರಿಕದ ಬೆಳ್ಳಿ ಪೆಸಿಫಿಕ್ ದಾಟಿ ಚೀನಾ ಸೇರಲು ಅಲ್ಲಿಂದ ದಾರಿಯಾಯಿತು. ಕೆವಿನ್ ಓರೂರ್ಕ್ ಮತ್ತು ಜೆಫ್ರಿ ವಿಲಿಯಮ್ಸನ್ ಇದನ್ನು ಒಪ್ಪುವುದಿಲ್ಲ. ಮೆಣಸು, ರೇಷ್ಮೆ, ಬೆಳ್ಳಿ ಎಷ್ಟೇ ಓಡಾಡಿದ್ದರೂ ದಿನಬಳಕೆಯ ಸರಕುಗಳ ಬೆಲೆ ಖಂಡದಿಂದ ಖಂಡಕ್ಕೆ ಹತ್ತಿರ ಬಂದಿರಲಿಲ್ಲ, ಅದು ನಡೆದದ್ದು 1820ರ ದಶಕದಿಂದ ಈಚೆಗೆ ಎಂದು ಅವರ ವಾದ. ಅವರು ಕೊಡುವ ಲೆಕ್ಕಗಳಲ್ಲೊಂದು ನಮಗೆ ಸೇರಿದ್ದು. 1857ರಲ್ಲಿ ಲಿವರ್‌ಪೂಲಿನ ಹತ್ತಿ ಬೆಲೆ ಮುಂಬಯಿಯ ಬೆಲೆಗಿಂತ ಶೇ. 57ರಷ್ಟು ಹೆಚ್ಚಿತ್ತು, 1913ರ ಹೊತ್ತಿಗೆ ಆ ಅಂತರ ಶೇ. 20ಕ್ಕೆ ಇಳಿಯಿತು. ಉಗಿ ಹಡಗು, ರೈಲು, 1869ರ ಸೂಯೆಜ್ ಕಾಲುವೆ, 1870ರಲ್ಲಿ ಸಮುದ್ರದ ತಳದಲ್ಲಿ ಮುಂಬಯಿಗೆ ಬಂದ ಟೆಲಿಗ್ರಾಫ್ ತಂತಿ, ಇವೆಲ್ಲ ಸೇರಿ ಆದದ್ದು ಅದು. ಅಳತೆಗೋಲಾಗಿ ನಾನು ಇದನ್ನು ಒಪ್ಪುತ್ತೇನೆ. ಆದರೆ ಎರಡು ವರ್ಷಗಳ ನಡುವೆ ಎಳೆದ ಗೆರೆ ನೇರವಾಗಿರುತ್ತದೆ, ಆ ಐವತ್ತಾರು ವರ್ಷ ಬೇಸಾಯ ಮಾಡಿದವರ ಬದುಕು ಹಾಗೆ ನೇರವಾಗಿರಲಿಲ್ಲ.

ಲ್ಯಾಂಕಾಷೈರಿನ ಗಿರಣಿಗಳಿಗೆ ಬೇಕಾದದ್ದು ಅಮೆರಿಕದ ಉದ್ದ ಎಳೆಯ ಹತ್ತಿ. ಒಂದೇ ದೇಶವನ್ನು ನಂಬಿ ಕೂರುವುದು ಅಪಾಯವೆಂದು ಅಲ್ಲಿನವರಿಗೆ ಮೊದಲೇ ಅನ್ನಿಸಿತ್ತು. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ತೋಟಗಾರರನ್ನೇ ಭಾರತಕ್ಕೆ ಕರೆತಂದು ಬೇರೆ ಬೇರೆ ಪ್ರಾಂತಗಳಲ್ಲಿ ಪ್ರಯೋಗ ಮಾಡಿಸಿತು. ಬಹುಪಾಲು ಕಡೆ ಪ್ರಯೋಗ ಸೋತಿತು. ಗೆದ್ದ ಕೆಲವೇ ಜಾಗಗಳಲ್ಲಿ ಧಾರವಾಡ ಜಿಲ್ಲೆ ಒಂದು. ನ್ಯೂ ಆರ್ಲಿಯನ್ಸ್ ಬೀಜ ಇಲ್ಲಿ ಒಗ್ಗಿಕೊಂಡು, ಮಾರುಕಟ್ಟೆಯಲ್ಲಿ ‘ಧಾರವಾಡ ಅಮೆರಿಕನ್’ ಎಂದು ಹೆಸರಾಯಿತು. ಊರವರು ಅದನ್ನು ವಿಲಾಯತಿ ಹತ್ತಿ ಎಂದರು, ತಮ್ಮದನ್ನು ಜವಾರಿ ಎಂದರು. ಜವಾರಿಯ ಬೀಜವನ್ನು ಹೆಂಗಸರು ಮನೆಯಲ್ಲೇ ಕಾಲಿನಿಂದ ಉರುಳಿಸುವ ಕಬ್ಬಿಣದ ಸರಳಿನಿಂದ ಬಿಡಿಸುತ್ತಿದ್ದರು. ವಿಲಾಯತಿಯ ಎಳೆ ಬೀಜಕ್ಕೆ ಗಟ್ಟಿಯಾಗಿ ಅಂಟಿರುವುದರಿಂದ ಆ ಸರಳಿಗೆ ಅದು ಬಗ್ಗುತ್ತಿರಲಿಲ್ಲ, ಹಲ್ಲಿನ ಜಿನ್ ಯಂತ್ರವೇ ಬೇಕಿತ್ತು. ಹೊಸ ತಳಿ ಬಂದದ್ದರಿಂದ ಮನೆಯಂಗಳದಲ್ಲಿ ಮುಗಿಯುತ್ತಿದ್ದ ಕೆಲಸವೊಂದು ಯಂತ್ರವಿದ್ದವನ ಕೈಗೆ ಹೋಯಿತು. ಇದನ್ನು ಸಣ್ಣ ವಿವರವೆಂದು ಬಿಟ್ಟುಬಿಡಬೇಡಿ. ಪೇಟೆ ಹಿಗ್ಗಿದಾಗ ಹಳ್ಳಿಯೊಳಗೆ ಯಾರ ಕೈ ಮೇಲಾಗುತ್ತದೆ, ಯಾರದು ಕೆಳಗಾಗುತ್ತದೆ ಎಂಬುದು ಇಂಥಲ್ಲೇ ತೀರ್ಮಾನವಾಗುವುದು.

ಜವಾರಿ ಹತ್ತಿ ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು, ಅಲ್ಲಿಂದ ಮುಂಬಯಿಗೆ, ಮುಂಬಯಿಯಿಂದ ಲಿವರ್‌ಪೂಲಿಗೆ. ಬೆಳೆದವರು ಹುಬ್ಬಳ್ಳಿ, ನವಲಗುಂದ, ಗದಗಿನವರು; ಲಿವರ್‌ಪೂಲಿನ ಧಾರಣೆ ಪಟ್ಟಿಯಲ್ಲಿ ಅದಕ್ಕೆ ಬಿದ್ದ ಹೆಸರು ಕುಮಟಾ ಹತ್ತಿ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿಸಿತು. ಬ್ರಿಟನ್ನಿಗೆ ಬರುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಲ್ಲಿಯದೇ ಆಗಿದ್ದರಿಂದ ಲ್ಯಾಂಕಾಷೈರಿನಲ್ಲಿ ಗಿರಣಿಗಳು ನಿಂತವು, ಕೂಲಿಗಳು ಉಪವಾಸ ಬಿದ್ದರು. ಲಿವರ್‌ಪೂಲಿನಲ್ಲಿ ಪೌಂಡಿಗೆ ಏಳು ಪೆನ್ಸ್ ಆಸುಪಾಸಿನಲ್ಲಿದ್ದ ಅಮೆರಿಕನ್ ಹತ್ತಿ 1864ರಲ್ಲಿ 27 ಪೆನ್ಸ್ ಮುಟ್ಟಿತು. ಅದರ ಬೆನ್ನಿಗೇ ನಮ್ಮ ಹತ್ತಿಯ ಬೆಲೆಯೂ ಏರಿತು. ಎರೆ ಸೀಮೆಯ ರೈತರ ಕೈಗೆ ಆವರೆಗೆ ಕಾಣದಷ್ಟು ಬೆಳ್ಳಿ ಬಂತು, ಸಾಲ ಸುಲಭವಾಯಿತು, ಜೋಳದ ಹೊಲಗಳಲ್ಲಿ ಹತ್ತಿ ಬಿತ್ತಿದರು. ಆ ನಾಲ್ಕು ವರ್ಷಗಳ ಸಮೃದ್ಧಿ ನಿಜವಾದದ್ದು, ಅದನ್ನು ಅಲ್ಲಗಳೆಯುವ ಚರಿತ್ರೆ ಪ್ರಾಮಾಣಿಕವಲ್ಲ. ಅದೇ ಹೊತ್ತಿನಲ್ಲಿ ನೂಲುವವರಿಗೂ ಕೈಮಗ್ಗದವರಿಗೂ ಕಚ್ಚಾ ಹತ್ತಿ ಕೈಗೆಟುಕದಾಯಿತು. ಮ್ಯಾಂಚೆಸ್ಟರ್ ಬಟ್ಟೆಯಿಂದ ಮೊದಲೇ ಬಡವಾಗಿದ್ದ ನೇಕಾರ, ಪಕ್ಕದ ಹೊಲದ ರೈತನ ಸುಗ್ಗಿಯಲ್ಲೇ ಇನ್ನಷ್ಟು ಸೋತ.

ಈ ಹತ್ತಿಗಾಗಿ ನಮ್ಮ ನಾಡಿನ ನಕ್ಷೆಯೂ ಬದಲಾಯಿತು. ಕಾರವಾರವನ್ನು ಧಾರವಾಡದ ಹತ್ತಿಯ ಬಂದರಾಗಿ ಬೆಳೆಸಬೇಕು, ಘಟ್ಟಕ್ಕೆ ರಸ್ತೆ ಆಗಬೇಕು ಎಂದು ಮ್ಯಾಂಚೆಸ್ಟರಿನ ವರ್ತಕರು ಪಟ್ಟು ಹಿಡಿದರು. ಬಂದರು ಮದ್ರಾಸಿನ ಆಡಳಿತದಲ್ಲಿ, ಹೊಲ ಮುಂಬಯಿಯ ಆಡಳಿತದಲ್ಲಿ ಇರುವುದು ಅವರಿಗೆ ಅಡ್ಡಿಯಾಗಿ ಕಂಡಿತು. ಅಖಂಡವಾಗಿದ್ದ ಕೆನರಾ ಜಿಲ್ಲೆ ಎರಡಾಯಿತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಸೇರಿತು, ದಕ್ಷಿಣ ಮದ್ರಾಸಿನಲ್ಲೇ ಉಳಿಯಿತು. ಕರಾವಳಿಯ ಕನ್ನಡಿಗರನ್ನು ಬೇರೆ ಮಾಡಿದ ಆ ಗೆರೆ 1956ರ ಏಕೀಕರಣದ ತನಕ ಅಳಿಯಲಿಲ್ಲ. ಕಾರವಾರ ಮಾತ್ರ ಅಂದುಕೊಂಡಂತೆ ಬೆಳೆಯಲಿಲ್ಲ. 1880ರ ದಶಕದಲ್ಲಿ ರೈಲು ಬಂದು ಹತ್ತಿಯನ್ನು ಮರ್ಮಗೋವಾದ ಕಡೆಗೂ ಮುಂಬಯಿಯ ಕಡೆಗೂ ಒಯ್ದಿತು. ಕುಮಟಾದ ವ್ಯಾಪಾರವೂ ಕುಗ್ಗಿತು.

1865ರ ಏಪ್ರಿಲ್‌ನಲ್ಲಿ ಯುದ್ಧ ಮುಗಿದ ಸುದ್ದಿ ಬಂದೊಡನೆ ಬೆಲೆ ಕುಸಿಯಿತು. ಮುಂಬಯಿಯಲ್ಲಿ ಸಮುದ್ರ ತುಂಬಿಸಿ ನೆಲ ಮಾಡಲು ಹೊರಟಿದ್ದ ಬ್ಯಾಕ್‌ಬೇ ಕಂಪನಿಯ ಶೇರುಗಳು ನೆಲ ಕಚ್ಚಿದ್ದನ್ನೂ ಬ್ಯಾಂಕ್ ಆಫ್ ಬಾಂಬೆ ಮುಳುಗಿದ್ದನ್ನೂ ಎಲ್ಲ ಪುಸ್ತಕಗಳೂ ಹೇಳುತ್ತವೆ. ಹಳ್ಳಿಯಲ್ಲಿ ಕುಸಿತ ನಿಧಾನವಾಗಿ, ವರ್ಷಗಟ್ಟಲೆ ನಡೆಯಿತು. ಹೆಚ್ಚಿನ ಧಾರಣೆಯ ಭರವಸೆಯಲ್ಲಿ ಮಾಡಿದ ಸಾಲ ಹಾಗೇ ಉಳಿಯಿತು. 1840ರ ದಶಕದಲ್ಲಿ ಗೊತ್ತುಮಾಡಿದ್ದ ಮೂವತ್ತು ವರ್ಷಗಳ ಕಂದಾಯದ ಅವಧಿ 1870ರ ದಶಕದಲ್ಲಿ ಮುಗಿದಾಗ ಸರ್ಕಾರ ದರವನ್ನು ಏರಿಸಿತು. ಪುಣೆ, ಅಹಮದ್‌ನಗರಗಳಲ್ಲಿ 1875ರಲ್ಲಿ ರೈತರು ಸಾಹುಕಾರರ ಸಾಲಪತ್ರಗಳನ್ನು ಕಿತ್ತು ಸುಟ್ಟರು. ಮರುವರ್ಷ ಮಳೆ ಹೋಯಿತು. ಮೈಸೂರು ಸೀಮೆಯಲ್ಲಿ ಧಾತು-ಈಶ್ವರ ಸಂವತ್ಸರಗಳ ಬರವೆಂದು ನೆನೆಯುವ 1876-78ರ ಕ್ಷಾಮ ಅದು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷ. ಧಾರವಾಡ, ಕಲಾದಗಿ, ಬಳ್ಳಾರಿಯ ಹಳ್ಳಿಗಳು ಬರಿದಾದವು. ವ್ಯಾಪಾರಕ್ಕೆ ಕೈಹಾಕಬಾರದೆಂಬ ತತ್ವಕ್ಕೆ ಸರ್ಕಾರ ಅಂಟಿಕೊಂಡಿತು, ದೇಶದಿಂದ ಧಾನ್ಯದ ರಫ್ತು ನಡೆದೇ ಇತ್ತು, ಪರಿಹಾರ ಕಾಮಗಾರಿಯ ಕೂಲಿಯನ್ನು ಸರ್ಕಾರದ ಪ್ರತಿನಿಧಿಯಾಗಿ ಬಂದ ರಿಚರ್ಡ್ ಟೆಂಪಲ್ ದಿನಕ್ಕೆ ಒಂದು ಪೌಂಡ್ ಧಾನ್ಯದ ಮಟ್ಟಕ್ಕೆ ಇಳಿಸಿದರು. ಕ್ಷಾಮಕ್ಕೆ ಹತ್ತಿಯೇ ಕಾರಣವೆಂದು ನಾನು ಹೇಳುವುದಿಲ್ಲ, ಮಳೆ ಹೋದದ್ದು ನಿಜ. ಸಾಲ ಹೊತ್ತ, ಹೊಸ ಕಂದಾಯ ಕಟ್ಟಬೇಕಾದ, ಹಗೇವಿನಲ್ಲಿ ಜೋಳ ಕಡಿಮೆಯಾದ ರೈತನಿಗೆ ಆ ಬರ ತಡೆಯುವ ಶಕ್ತಿ ಉಳಿದಿರಲಿಲ್ಲ ಎಂಬುದಷ್ಟೇ ನನ್ನ ಮಾತು.

ಲಿವರ್‌ಪೂಲಿನ ದಲ್ಲಾಳಿಗಳೂ ಇದೇ ಯುದ್ಧದ ಏರಿಳಿತದಲ್ಲಿ ಸಿಕ್ಕಿಬಿದ್ದಿದ್ದರು. ಅವರು ಕಲಿತ ಪಾಠವೇ ಬೇರೆ. 1866ರಲ್ಲಿ ಅಟ್ಲಾಂಟಿಕ್ ಕೇಬಲ್ ಕೆಲಸ ಶುರುಮಾಡಿದ ಮೇಲೆ, ಹಡಗಿನಲ್ಲಿ ಇನ್ನೂ ಬರಬೇಕಾದ ಹತ್ತಿಯನ್ನು ಮುಂಗಡವಾಗಿ ಮಾರುವ ವಾಯಿದೆ ವ್ಯಾಪಾರ ಅಲ್ಲಿ ಬೇರೂರಿತು. 1870ರಲ್ಲಿ ನ್ಯೂಯಾರ್ಕ್ ಹತ್ತಿ ವಿನಿಮಯ ಕೇಂದ್ರ ಸ್ಥಾಪನೆಯಾಯಿತು. ಬೆಲೆ ಬಿದ್ದರೆ ಆಗುವ ನಷ್ಟವನ್ನು ಇನ್ನೊಬ್ಬರಿಗೆ ದಾಟಿಸುವ ಉಪಾಯ ವರ್ತಕನಿಗೆ ಸಿಕ್ಕಿತು. ನವಲಗುಂದದ ರೈತನಿಗೆ ಅದೇ ತಂತಿಯ ಮೂಲಕ ಬಂದದ್ದು ಧಾರಣೆ ಮಾತ್ರ. ಅದರಿಂದ ತಪ್ಪಿಸಿಕೊಳ್ಳುವ ದಾರಿ ಬರಲಿಲ್ಲ. ಜಾಗತೀಕರಣದ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಸಂಗತಿ ಇದು.

ಈಗ ಸಿದ್ಧಾಂತಗಳಿಗೆ ಬರೋಣ. 1817ರಲ್ಲಿ ರಿಕಾರ್ಡೊ, ಇಂಗ್ಲೆಂಡಿನ ಬಟ್ಟೆ ಮತ್ತು ಪೋರ್ಚುಗಲ್ಲಿನ ದ್ರಾಕ್ಷಾರಸದ ಉದಾಹರಣೆ ಹಿಡಿದು, ವ್ಯಾಪಾರದಿಂದ ಎರಡೂ ದೇಶಗಳಿಗೆ ಲಾಭವೆಂದು ತೋರಿಸಿದರು. ಆ ತರ್ಕ ಇಂದಿಗೂ ಗಟ್ಟಿಯಾಗಿದೆ. ದೇಶದೊಳಗೆ ಯಾರಿಗೆ ಲಾಭ ಎಂಬುದನ್ನು 1941ರಲ್ಲಿ ಸ್ಟೋಲ್ಪರ್ ಮತ್ತು ಸ್ಯಾಮ್ಯುಯಲ್ಸನ್ ಕೇಳಿದರು. ಬೆಲೆ ಏರಿದ ಸರಕಿಗೆ ಹೆಚ್ಚಾಗಿ ಬಳಕೆಯಾಗುವ ಸಂಪನ್ಮೂಲದ ಒಡೆಯನಿಗೆ ಲಾಭವೆಂಬ ಅವರ ಲೆಕ್ಕದಂತೆ ನಮ್ಮ ನೆಲದವನು ಗೆಲ್ಲಬೇಕಿತ್ತು. ನೆಲದ ಆದಾಯದ ಮೇಲೆ ಸರ್ಕಾರದ ಕಂದಾಯ, ಸಾಹುಕಾರನ ಬಡ್ಡಿ ಎರಡೂ ಕೂತಿದ್ದವೆಂಬುದು ಆ ಲೆಕ್ಕದಲ್ಲಿ ಇರಲಿಲ್ಲ. ದಾದಾಭಾಯಿ ನವರೋಜಿ, ಪುಣೆಯಲ್ಲಿ 1892ರಲ್ಲಿ ಭಾರತೀಯ ಅರ್ಥಶಾಸ್ತ್ರದ ಬಗ್ಗೆ ಮಾತಾಡಿದ ರಾನಡೆ, ಇಬ್ಬರೂ ಅದನ್ನು ಕಂಡಿದ್ದರು. ಕಾರ್ಲ್ ಪೊಲಾನ್ಯಿ 1944ರ ತಮ್ಮ ಪುಸ್ತಕದಲ್ಲಿ ಭಾರತದ ಕ್ಷಾಮಗಳನ್ನೇ ಹೆಸರಿಸಿ, ಹಳ್ಳಿಯ ಹಳೆಯ ಆಸರೆಗಳು ಮುರಿದ ಕಡೆ ಮುಕ್ತ ಧಾನ್ಯ ವ್ಯಾಪಾರ ಏನು ಮಾಡಿತೆಂದು ಬರೆದರು. 1981ರಲ್ಲಿ ಅಮರ್ತ್ಯ ಸೇನ್ ಅದೇ ಪ್ರಶ್ನೆಗೆ ಖಚಿತ ರೂಪ ಕೊಟ್ಟರು: ಪೇಟೆಯಲ್ಲಿ ಅನ್ನವಿದ್ದರೂ ಕೊಳ್ಳುವ ಬಲ ಇಲ್ಲದವನು ಸಾಯುತ್ತಾನೆ. ವಾಲರ್‌ಸ್ಟೈನ್ ಅವರ ಕೇಂದ್ರ-ಅಂಚು ಸಿದ್ಧಾಂತ ದೊಡ್ಡ ನಕ್ಷೆ ಕೊಡುತ್ತದೆ, ಅದು ನನಗೆ ಗೊತ್ತು. ಆದರೆ ಅಂಚಿನೊಳಗೆ ಅಡತಿಯವನಿಗೂ ಕೂಲಿಗೂ ಇರುವ ವ್ಯತ್ಯಾಸವನ್ನು ಅದು ತೋರಿಸುವುದಿಲ್ಲ.

ನಮ್ಮ ಪ್ರಶ್ನೆಗೆ ಹತ್ತಿರದ ಉತ್ತರ ಡ್ಯಾನಿ ರಾಡ್ರಿಕ್ ಅವರ 1998ರ ಪ್ರಬಂಧದಲ್ಲಿದೆ. ಹೆಚ್ಚು ತೆರೆದುಕೊಂಡ ದೇಶಗಳಲ್ಲಿ ಸರ್ಕಾರದ ವೆಚ್ಚವೂ ಹೆಚ್ಚು ಎಂಬುದನ್ನು ಅವರು ಗುರುತಿಸಿದರು. ಹೊರಗಿನ ಏಟು ಬಂದೇ ಬರುತ್ತದೆ, ಅದನ್ನು ತಡೆದುಕೊಳ್ಳಲು ಜನರಿಗೆ ಸಾಮಾಜಿಕ ರಕ್ಷಣೆ ಬೇಕಾಗುತ್ತದೆ ಎಂಬುದು ಅವರ ವಿವರಣೆ. 1860ರ ದಶಕದ ಧಾರವಾಡಕ್ಕೆ ಸಿಕ್ಕಿದ್ದು ತೆರೆದ ಬಾಗಿಲು, ರಕ್ಷಣೆಯಲ್ಲ.

ಇದು ಹಳೆಯ ಕಥೆಯಾಗಿ ಉಳಿದಿಲ್ಲ. ಅಮೆರಿಕದ ಹತ್ತಿ ಸಬ್ಸಿಡಿ ವಿರುದ್ಧ ಬ್ರೆಜಿಲ್ 2002ರಲ್ಲಿ ವಿಶ್ವ ವ್ಯಾಪಾರ ಸಂಘಟನೆಗೆ ದೂರು ಕೊಟ್ಟು ಗೆದ್ದಿತು. 2014ರಲ್ಲಿ ಅಮೆರಿಕ 30 ಕೋಟಿ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಿಕೊಂಡಿತು. 2003ರಲ್ಲಿ ಇದೇ ಅಳಲು ತೋಡಿಕೊಂಡ ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ ದೇಶಗಳ ಬಡ ರೈತರಿಗೆ ಅಂಥ ಪರಿಹಾರ ದಕ್ಕಲಿಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಶೇ. 50ರ ಸುಂಕ ಹೇರಿದಾಗ, ಜವಳಿ ಉದ್ಯಮದ ಹೊರೆ ಇಳಿಸಲು ಕೇಂದ್ರ ಸರ್ಕಾರ ಹತ್ತಿ ಆಮದಿನ ಮೇಲಿದ್ದ ಶೇ. 11ರ ಸುಂಕವನ್ನು ಕೈಬಿಟ್ಟಿತು, ಆ ರಿಯಾಯಿತಿಯನ್ನು ಡಿಸೆಂಬರ್ ಕೊನೆಯವರೆಗೂ ವಿಸ್ತರಿಸಿತು. ನಮ್ಮ ಹೊಸ ಹತ್ತಿ ಪೇಟೆಗೆ ಬರುವುದು ಆ ತಿಂಗಳುಗಳಲ್ಲೇ. ಗಾರ್ಮೆಂಟ್ ಕಾರ್ಖಾನೆಯ ಹೆಣ್ಣುಮಕ್ಕಳ ಕೆಲಸ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆ ಬೆಲೆಯನ್ನು ರೈತನೇ ತೆರಬೇಕೇ ಎಂದು ಕೇಳದೆ ಹೋದರೆ ಅರ್ಥಶಾಸ್ತ್ರಜ್ಞರಾಗಿ ನಾವು ನಮ್ಮ ಕೆಲಸ ಮಾಡಿದಂತಾಗುವುದಿಲ್ಲ.

ಸಂಶೋಧಕ ಮಿತ್ರರಲ್ಲಿ ಒಂದು ಕೋರಿಕೆ. ಈ ಕಥೆಯ ಬಹುಪಾಲು ನಮಗೆ ಗೊತ್ತಿರುವುದು ಕಲೆಕ್ಟರರ ವರದಿ, ಗೆಜೆಟಿಯರ್, ಮ್ಯಾಂಚೆಸ್ಟರಿನ ಅರ್ಜಿಗಳಿಂದ. ಸಾಲ ಕೊಟ್ಟವರ, ಹತ್ತಿ ತೂಗಿದವರ ಕೀರ್ದಿ-ಖತಾವಣಿಗಳನ್ನು ನಾವು ಓದಿದ್ದು ತೀರ ಕಡಿಮೆ. ಹುಬ್ಬಳ್ಳಿ, ಗದಗ, ಬೈಲಹೊಂಗಲ, ಕುಮಟಾದ ಹಳೆಯ ವ್ಯಾಪಾರಿ ಮನೆತನಗಳ ಬಾಗಿಲು ತಟ್ಟಿ. ಮೋಡಿ ಲಿಪಿ ಕಲಿಯಿರಿ, ಏಕೆಂದರೆ ಆ ಕಾಲದ ಲೆಕ್ಕಗಳಲ್ಲಿ ಎಷ್ಟೋ ಆ ಲಿಪಿಯಲ್ಲಿವೆ. ಸಿಕ್ಕ ಪುಸ್ತಕಗಳ ಪ್ರತಿ ಮಾಡಿಸಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಡಿ, ರದ್ದಿಗೆ ಹೋಗುವ ಮೊದಲು.