ಬೆಳಕಿನೊಳಗೊಂದು ಹೆಸರು



ಹೊಯ್ಸಳರ ಕಾಲದ ರೂವಾರಿಗಳು ತಾವು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೊರೆದರು. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಏಳೂವರೆ ಶತಮಾನ ದಾಟಿ ಉಳಿದಿದೆ. ಇಲ್ಲೇ ಹತ್ತಿರ, ಮಂಡ್ಯದ ಬಸರಾಳಿನ ಮಲ್ಲಿಕಾರ್ಜುನ ದೇವಾಲಯ 1234ರದು. ಅಲ್ಲಿ ಅಂಧಕಾಸುರನ ತಲೆಯ ಮೇಲೆ ಕುಣಿಯುವ 16 ಕೈಗಳ ಶಿವನಿದ್ದಾನೆ. ವಿದ್ಯಾರ್ಥಿಗಳೇ, ನಾಳೆ ನಿಮ್ಮಲ್ಲಿ ಯಾರಾದರೂ ಅನುಮತಿ ಪಡೆದು ಆ ಶಿಲ್ಪವನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಹಾಲೊಗ್ರಾಮ್ ಆಗಿಸಬಹುದು. ತಿಂಗಳುಗಟ್ಟಲೆ ದುಡಿದು ಮಾಡಿದ ಆ ಫೈಲನ್ನು ಕ್ಷಣದಲ್ಲಿ ನಕಲು ಮಾಡಬಹುದು. ಆಗ ನಿಮ್ಮ ಹೆಸರು ಎಲ್ಲಿರುತ್ತದೆ?

ಉತ್ತರ ಹಾಲೊಗ್ರಾಮಿನ ಗುಣದಲ್ಲೇ ಇದೆ. 1947ರಲ್ಲಿ ಹಾಲೊಗ್ರಾಮನ್ನು ಕಂಡುಹಿಡಿದ ಡೆನಿಸ್ ಗಾಬರ್‌ಗೆ 1971ರಲ್ಲಿ ನೊಬೆಲ್ ಬಂತು. ಫೋಟೊ ಬೆಳಕಿನ ಪ್ರಖರತೆಯನ್ನಷ್ಟೇ ಹಿಡಿದರೆ, ಹಾಲೊಗ್ರಾಮ್ ಬೆಳಕಿನ ಅಲೆ ಏರಿಳಿತದ ಯಾವ ಹಂತದಲ್ಲಿದೆ ಎಂಬುದನ್ನೂ ಹಿಡಿಯುತ್ತದೆ. ವಸ್ತುವಿನ ಒಂದೊಂದು ಬಿಂದುವಿನ ಬೆಳಕೂ ಹಾಲೊಗ್ರಾಮಿನ ತುಂಬ ಹರಡಿಕೊಳ್ಳುವುದರಿಂದ, ಅದರ ಒಂದು ತುಂಡಿನಲ್ಲೂ ಇಡೀ ರೂಪ ಮಸುಕಾಗಿ ಕಾಣುತ್ತದೆ. ಹೆಸರನ್ನೂ ಹೀಗೆಯೇ ಹರಡಿಬಿಟ್ಟರೆ? 2002ರಲ್ಲಿ ಜಪಾನಿನ ತಕಾಯಿ ಮತ್ತು ಮಿಫುನೆ ಈ ದಾರಿ ತೋರಿಸಿದರು. ಹೆಸರಿನ ಗುರುತನ್ನೇ ಹಾಲೊಗ್ರಾಮ್ ಮಾಡಿ, ಕಂಪ್ಯೂಟರಿನಲ್ಲಿ ಚಿತ್ರವನ್ನು ಕಟ್ಟುವ ಅಂಕಿಗಳೊಳಗೆ ಸಣ್ಣ ಪ್ರಮಾಣದಲ್ಲಿ ಬೆರೆಸುವುದು. ಅಂಚು ಕತ್ತರಿಸಿದರೂ ಗುರುತು ಉಳಿದ ಭಾಗದಲ್ಲಿ ಸಿಗುತ್ತದೆ.

ಇಂಥ ಅಡಗಿದ ಗುರುತನ್ನು ವಾಟರ್‌ಮಾರ್ಕ್ ಎನ್ನುತ್ತಾರೆ. ನೋಟಿನಲ್ಲೂ ವಾಟರ್‌ಮಾರ್ಕ್ ಇದೆ. ನೋಟನ್ನು ಬೆಳಕಿಗೆ ಹಿಡಿದರೆ ಗಾಂಧೀಜಿ ಎಲ್ಲರಿಗೂ ಕಾಣುತ್ತಾರೆ. ಫೈಲಿನೊಳಗಿನ ವಾಟರ್‌ಮಾರ್ಕ್ ಮಾತ್ರ ಗುಟ್ಟಿನ ಕೀಲಿ ಇರುವವರಿಗಷ್ಟೇ ಸಿಗಬೇಕು.

ಕಷ್ಟವೂ ಇದೆ. ಗುರುತು ಗಟ್ಟಿಯಾಗಿದ್ದರೆ ಶಿವನ ಮುಖ ಕೆಡುತ್ತದೆ, ತೀರಾ ತೆಳುವಾಗಿದ್ದರೆ ಫೈಲನ್ನು ಕುಗ್ಗಿಸುವಾಗಲೇ ಅಳಿಸಿಹೋಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು: ಕದ್ದವನು ನಿಮ್ಮ ಫೈಲಿನ ಮೇಲೆ ತನ್ನ ಗುರುತನ್ನೂ ಹಾಕಿ, ‘ಇದು ನನ್ನದು’ ಎನ್ನಬಹುದು. ಅವನ ‘ಮೂಲ’ದಲ್ಲಿ ನಿಮ್ಮ ಗುರುತು ಇದ್ದೇ ಇರುತ್ತದೆ. ನಿಮ್ಮ ಮೂಲದಲ್ಲಿ ಅವನದು ಇರುವುದಿಲ್ಲ. ಆದ್ದರಿಂದ ಗುರುತಿಲ್ಲದ ಮೂಲ ಪ್ರತಿಯನ್ನು, ತಯಾರಾದ ದಿನಾಂಕದ ದಾಖಲೆ ಸಮೇತ, ಯಾರಿಗೂ ಕೊಡದೆ ಜೋಪಾನ ಮಾಡಿ. ವಾಟರ್‌ಮಾರ್ಕ್ ಕಳ್ಳತನ ತಡೆಯುವುದಿಲ್ಲ, ಸಾಕ್ಷಿ ಹೇಳುತ್ತದೆ. ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಸೇರಿದ 65ಬಿ ಸೆಕ್ಷನ್ ಪ್ರಕಾರ, ಕೃತಿಯಲ್ಲಿ ಸೇರಿಸಿದ ಹಕ್ಕಿನ ಮಾಹಿತಿಯನ್ನು ಅನುಮತಿಯಿಲ್ಲದೆ, ತಿಳಿದೂ ತಿಳಿದೂ ತೆಗೆದುಹಾಕಿದವರಿಗೆ 2 ವರ್ಷದವರೆಗೆ ಜೈಲು ಮತ್ತು ದಂಡವಿದೆ.

ಒಂದು ಮಾತು ಒತ್ತಿ ಹೇಳುತ್ತೇನೆ. ಬಸರಾಳಿನ ಶಿವನ ಮೇಲೆ ಯಾರೂ ಒಡೆತನ ಸಾಧಿಸಬಾರದು. ನಿಮ್ಮ ಹಕ್ಕು ನಿಮ್ಮ ದುಡಿಮೆಯ ಮೇಲೆ ಮಾತ್ರ. ಗುರುತು ಹಾಕುವಾಗ ನಿಮ್ಮ ಹೆಸರಿನ ಜೊತೆ ಆ ಊರಿನ ಹೆಸರನ್ನೂ ಸೇರಿಸಿ. ಆ ಶಿವ ಯಾವ ದೇಶದ ಪರದೆಯ ಮೇಲೆ ಕುಣಿದರೂ ಅವನು ಮಂಡ್ಯದ ಬಸರಾಳಿನವನು ಎಂಬುದು ಅದರೊಳಗೇ ಇರಲಿ.

ವಿದ್ಯಾರ್ಥಿಗಳ ಈ ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸುತ್ತಿದ್ದೇನೆ. ಒಳಗೆ ಮಾದರಿಗಳ ಪಕ್ಕದಲ್ಲಿ ಅವನ್ನು ಮಾಡಿದ ಮಕ್ಕಳೇ ನಿಂತಿದ್ದಾರೆ, ಹೋಗಿ ಅವರನ್ನು ಮಾತಾಡಿಸಿ.