ಹಾಲು ಮಜ್ಜಿಗೆಯೂ ಇಲ್ಲದ ಊಟ



1962ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಕೆಲವು ಹಸುಗೂಸುಗಳ ಕುರಿತು ಬರೆದರು. ಎಲ್ಲವೂ ತಾಯಿಯ ಎದೆಹಾಲು ಕುಡಿದು ಬೆಳೆಯುತ್ತಿದ್ದ ಕೂಸುಗಳು. ಕಲಿತಿದ್ದನ್ನು ಅವು ಒಂದೊಂದಾಗಿ ಮರೆಯುತ್ತ ಬಂದವು. ಕರೆದರೆ ತಿರುಗಿ ನೋಡಲಿಲ್ಲ. ಕೈಕಾಲು ತಮ್ಮಷ್ಟಕ್ಕೆ ಆಡತೊಡಗಿದವು, ಚರ್ಮ ಅಲ್ಲಲ್ಲಿ ಕಪ್ಪಿಟ್ಟಿತು, ಮೈಯಲ್ಲಿ ರಕ್ತ ಇಳಿಯಿತು. ತಾಯಂದಿರ ಮೈಯಲ್ಲೇ ಬಿ12 ಜೀವಸತ್ವ ಸಾಲದಾಗಿತ್ತು, ಹಾಲಿಗೆ ಎಲ್ಲಿಂದ ಬರಬೇಕು? ಬಿ12 ಕೊಟ್ಟ ಮೇಲೆ ಕೂಸುಗಳು ಚೇತರಿಸಿಕೊಂಡವು. ಇಲ್ಲಿ ಕುಳಿತಿರುವ ಮಕ್ಕಳ ವೈದ್ಯರಿಗೆ ಇದು ಹಳೆಯ ಕಥೆಯಲ್ಲ. ನಡುಕದ ಇಂಥ ಕೂಸು ನಮ್ಮ ವಾರ್ಡುಗಳಿಗೆ ಈಗಲೂ ಬರುತ್ತದೆ. ಅದಕ್ಕೇ ಇಂದಿನ ಮಾತನ್ನು ಆ ಕೂಸುಗಳಿಂದ ಆರಂಭಿಸಿದೆ.

ಮಾಂಸ, ಮೊಟ್ಟೆಯಷ್ಟೇ ಅಲ್ಲ, ಹಾಲು ಮಜ್ಜಿಗೆಯನ್ನೂ ಬಿಟ್ಟ ವೀಗನ್ ಊಟ ದೇಹಕ್ಕೆ ಸಾಕಾಗುತ್ತದೆಯೇ ಎಂದು ಕೇಳಿದರೆ ನಾನು ಒಂದೇ ಉತ್ತರ ಕೊಡಲಾರೆ. ದೊಡ್ಡವರ ಮಾತು ಬೇರೆ, ಬೆಳೆಯುವ ಮಗುವಿನ ಮಾತು ಬೇರೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದರಿಂದಲೇ ಇಷ್ಟೊಂದು ಜಗಳ ಹುಟ್ಟಿದೆ.

ವೀಗನ್ ಎಂಬ ಪದವನ್ನು ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ಬಳಕೆಗೆ ತಂದದ್ದು 1944ರಲ್ಲಿ. ಬಿ12 ಶುದ್ಧ ರೂಪದಲ್ಲಿ ವಿಜ್ಞಾನಿಗಳ ಕೈಗೆ ಸಿಕ್ಕಿದ್ದು 1948ರಲ್ಲಿ. ಈ ಊಟದಲ್ಲಿ ಏನು ಇಲ್ಲವೆಂಬುದು ತಿಳಿಯುವ ಮೊದಲೇ ಊಟ ಆರಂಭವಾಗಿತ್ತು. ಅವರನ್ನು ದೂರಲಾಗದು. ಆದರೆ ಈಗ ನಮಗೆ ತಿಳಿದಿದೆ. ಬಿ12 ತಯಾರಿಸುವುದು ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳು ಮಾತ್ರ. ಸೊಪ್ಪು, ಕಾಳು, ಹಣ್ಣು ಯಾವುದರಲ್ಲೂ ನೆಚ್ಚಬಹುದಾದಷ್ಟು ಇಲ್ಲ. ಹುದುಗಿದ ಇಡ್ಲಿ ಹಿಟ್ಟಿನಲ್ಲಿದೆ, ಸ್ಪಿರುಲಿನಾದಲ್ಲಿದೆ ಎಂಬ ಮಾತನ್ನು ನಂಬಿ ಕೂರುವಂತಿಲ್ಲ. ಸ್ಪಿರುಲಿನಾದಲ್ಲಿ ಇರುವುದು ಬಹುಪಾಲು ಬಿ12ನ್ನು ಹೋಲುವ, ನಮ್ಮ ದೇಹಕ್ಕೆ ಉಪಯೋಗವಿಲ್ಲದ ವಸ್ತು.

"ನಮ್ಮ ಅಜ್ಜ ಅಜ್ಜಿ ಸಸ್ಯಾಹಾರದಲ್ಲೇ ತುಂಬು ಬಾಳು ಬಾಳಲಿಲ್ಲವೇ?" ಎಂದು ಹಲವರು ಕೇಳುತ್ತಾರೆ. ಬಾಳಿದರು. ಆದರೆ ಆ ಅಜ್ಜಿಯ ಊಟ ಮಜ್ಜಿಗೆಯನ್ನವಿಲ್ಲದೆ ಮುಗಿಯುತ್ತಿರಲಿಲ್ಲ. ಇದ್ದವರ ಮನೆಯಲ್ಲಿ ಹಾಲು, ಮೊಸರು, ತುಪ್ಪ. ಇಲ್ಲದವರ ಮನೆಯಲ್ಲಿ ನೀರು ಮಜ್ಜಿಗೆಯಾದರೂ ಇರುತ್ತಿತ್ತು. ನಮ್ಮಲ್ಲಿ ಸಸ್ಯಾಹಾರ ಹಳೆಯದು, ವೀಗನ್ ಹೊಸದು. ಹಳೆಯದರ ಹೆಸರಿನಲ್ಲಿ ಹೊಸದಕ್ಕೆ ಜಾಮೀನು ಕೊಡಲಾಗದು.

ದೊಡ್ಡವರ ವಿಷಯದಲ್ಲಿ ನನಗೆ ಹೆಚ್ಚಿನ ಅನುಮಾನವಿಲ್ಲ. ಬಿ12 ಮಾತ್ರೆ ತಪ್ಪದೆ ತೆಗೆದುಕೊಳ್ಳುವ, ಕಾಳು ಸೊಪ್ಪು ಧಾನ್ಯ ಚೆನ್ನಾಗಿ ಉಣ್ಣುವ ಆರೋಗ್ಯವಂತ ವಯಸ್ಕರಿಗೆ ಈ ಊಟ ಸಾಕು. ಕೆಟ್ಟ ಕೊಲೆಸ್ಟರಾಲ್ ಇಳಿಯುತ್ತದೆ, ನಾರು ಹೇರಳವಾಗಿ ಸಿಗುತ್ತದೆ. ಆ ಮಾತ್ರೆಯನ್ನೂ ಬ್ಯಾಕ್ಟೀರಿಯಾಗಳಿಂದಲೇ ತಯಾರಿಸುತ್ತಾರೆ, ಆದ್ದರಿಂದ ತತ್ವಕ್ಕೂ ಭಂಗವಿಲ್ಲ. ಎಚ್ಚರ ಬೇಕಾದ ಇನ್ನೊಂದು ಜಾಗ ಮೂಳೆ. ಬ್ರಿಟನ್ನಿನಲ್ಲಿ ಸುಮಾರು 55,000 ಜನರನ್ನು ವರ್ಷಗಟ್ಟಲೆ ಗಮನಿಸಿದ ಎಪಿಕ್-ಆಕ್ಸ್‌ಫರ್ಡ್ ಅಧ್ಯಯನ 2020ರಲ್ಲಿ ವರದಿ ಮಾಡಿದ ಪ್ರಕಾರ, ಮಾಂಸಾಹಾರಿಗಳಿಗಿಂತ ವೀಗನ್ನರಲ್ಲಿ ಮೂಳೆ ಮುರಿತ ಶೇ. 43ರಷ್ಟು ಹೆಚ್ಚು. ಅವರ ಊಟದಲ್ಲಿ ಕ್ಯಾಲ್ಸಿಯಂ, ಪ್ರೋಟೀನು ಎರಡೂ ಕಡಿಮೆಯಿದ್ದವು.

ಇಲ್ಲಿ ನಮ್ಮ ನೆಲದ ಅಡುಗೆ ನೆರವಿಗೆ ಬರುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ 120ರ ಆಸುಪಾಸು. ಎಳ್ಳಿನಲ್ಲಿ ಸಾವಿರ ಮಿಲಿಗ್ರಾಂ ದಾಟುತ್ತದೆ. ರಾಗಿಯಲ್ಲಿರುವ ಫೈಟೇಟ್ ಎಂಬ ವಸ್ತು ಆ ಕ್ಯಾಲ್ಸಿಯಮ್ಮಿನ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ ನಿಜ. ಮೊಳಕೆ ಕಟ್ಟಿದರೆ ಆ ಹಿಡಿತ ಸಡಿಲವಾಗುತ್ತದೆ. ಕೂಸಿಗೆ ರಾಗಿ ಸರಿ ಮಾಡುವ ಮುನ್ನ ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಬೀಸುವ ತಾಯಂದಿರು ಫೈಟೇಟಿನ ಹೆಸರು ಕೇಳದೆಯೇ ಅದಕ್ಕೆ ಮದ್ದು ಕಂಡುಕೊಂಡಿದ್ದರು. ಮೊಳಕೆ ಹುರುಳಿಕಾಳಿನ ಸಾರಿಗೆ ಹಿಂಡುವ ನಿಂಬೆಹುಳಿ ಕಾಳಿನ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ರೊಟ್ಟಿಗೆ ನೆಂಚಿಕೊಳ್ಳುವ ಅಗಸಿ ಚಟ್ನಿಯಲ್ಲಿ ಒಮೆಗಾ-3 ಕೊಬ್ಬು ಇದೆ. ದುಬಾರಿ ಪೊಟ್ಟಣಗಳ ಹಂಗು ಬೇಕಿಲ್ಲ. ಆದರೆ ಇಡೀ ಅಡುಗೆಮನೆಯನ್ನು ಹುಡುಕಿದರೂ ಬಿ12 ಸಿಗದು.

ಈಗ ಮಕ್ಕಳ ವಿಷಯ. ವಯಸ್ಕರ ಪಿತ್ತಜನಕಾಂಗದಲ್ಲಿ ಬಿ12 ವರ್ಷಗಟ್ಟಲೆ ಸಾಕಾಗುವಷ್ಟು ಕೂಡಿಟ್ಟಿರುತ್ತದೆ. ಕೂಸು ಹುಟ್ಟುವಾಗ ತರುವ ಗಂಟು ಕೆಲವು ತಿಂಗಳಿಗಷ್ಟೇ ಸಾಕು. ತಾಯಿಯಲ್ಲೇ ಕೊರತೆಯಿದ್ದರೆ ಆ ಗಂಟೂ ಚಿಕ್ಕದು. ಮಿದುಳು ಅತಿ ವೇಗವಾಗಿ ಬೆಳೆಯುವುದೂ ಆ ತಿಂಗಳುಗಳಲ್ಲೇ. ಮಗುವಿನ ಹೊಟ್ಟೆಯೋ ಪುಟ್ಟದು. ನಾರು ತುಂಬಿದ ಊಟ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿಸುತ್ತದೆ, ಬೇಕಾದ ಶಕ್ತಿ ಸಿಕ್ಕಿರುವುದಿಲ್ಲ. ಬಾದಾಮಿ ಹಾಲು, ಅಕ್ಕಿ ಹಾಲುಗಳಿಗೆ ಹೆಸರು ಮಾತ್ರ ಹಾಲಿನದು. ಎದೆಹಾಲಿನ ಬದಲು ಅವನ್ನು ಕೂಸಿಗೆ ಕುಡಿಸಬಾರದು.

ಪೋಲೆಂಡಿನಲ್ಲಿ 5ರಿಂದ 10 ವರ್ಷದ ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವೀಗನ್ ಮಕ್ಕಳು ಮಾಂಸಾಹಾರಿ ಮಕ್ಕಳಿಗಿಂತ ಸರಾಸರಿ 3 ಸೆಂಟಿಮೀಟರ್ ಗಿಡ್ಡವಾಗಿದ್ದರು, ಮೂಳೆಯ ಖನಿಜಾಂಶವೂ ಕಡಿಮೆ. ಕೊಲೆಸ್ಟರಾಲ್ ಮಾತ್ರ ಚೆನ್ನಾಗಿತ್ತು. ಜರ್ಮನಿಯಲ್ಲಿ 1ರಿಂದ 3 ವರ್ಷದ ಮಕ್ಕಳನ್ನು ನೋಡಿದವರಿಗೆ ಸರಾಸರಿ ಬೆಳವಣಿಗೆಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ಆಹಾರ ತಜ್ಞರ ಅಕಾಡೆಮಿ 2016ರಲ್ಲಿ ಈ ಊಟ ಎಲ್ಲ ವಯಸ್ಸಿಗೂ ಸರಿ ಎಂದಿತ್ತು. 2025ರ ಹೇಳಿಕೆಯನ್ನು ಗರ್ಭಿಣಿ, ಬಾಣಂತಿಯರಲ್ಲದ ವಯಸ್ಕರಿಗೆ ಸೀಮಿತಗೊಳಿಸಿತು. ಜರ್ಮನಿಯ ಪೋಷಣಾ ಸಂಘ 2016ರಲ್ಲಿ ಮಕ್ಕಳಿಗೆ ಬೇಡ ಎಂದಿತ್ತು; 2024ರಲ್ಲಿ ಬೇಕೆಂದೂ ಹೇಳೆವು, ಬೇಡವೆಂದೂ ಹೇಳೆವು ಎಂಬಲ್ಲಿಗೆ ಬಂತು. ಎರಡು ದಿಕ್ಕಿನಿಂದ ಹೊರಟವರು ಹತ್ತಿರ ಹತ್ತಿರ ಒಂದೇ ಜಾಗದಲ್ಲಿ ನಿಂತಿದ್ದಾರೆ. ನನ್ನ ನಿಲುವೂ ಅದೇ: ಮಾತ್ರೆ, ತಜ್ಞರ ಸಲಹೆ, ತೂಕ ಎತ್ತರಗಳ ಲೆಕ್ಕ, ಕಾಲಕಾಲಕ್ಕೆ ರಕ್ತ ಪರೀಕ್ಷೆ, ಈ ನಾಲ್ಕೂ ಇಲ್ಲದ ಮನೆಯಲ್ಲಿ ಮಗುವನ್ನು ವೀಗನ್ ಆಗಿ ಬೆಳೆಸಬಾರದು. ಹಾಗೆಂದು ಹಾಗೆ ಬೆಳೆಸುತ್ತಿರುವ ತಾಯಿಯನ್ನು ಗದರಿಸುವುದೂ ತಪ್ಪು. ಬೈಸಿಕೊಂಡು ಹೋದ ತಾಯಿ ಮಗುವನ್ನು ಮತ್ತೆ ನಮ್ಮ ಬಳಿ ಕರೆತರುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಬಗೆಯ ಮನೆ. ಯಾವ ತತ್ವವೂ ಇಲ್ಲದೆ, ಹಾಲು ಮೊಟ್ಟೆ ಕೊಳ್ಳಲು ದುಡ್ಡಿಲ್ಲದೆ ವೀಗನ್ ಊಟ ಉಣ್ಣುವ ಮನೆ. ಅಲ್ಲಿ ಮಾತ್ರೆಯೂ ಇಲ್ಲ. ನಮ್ಮ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಮೊಟ್ಟೆ ಒಲ್ಲದ ಮಗುವಿಗೆ ಬಾಳೆಹಣ್ಣು ಕೊಡುತ್ತೇವೆ. ಒಳ್ಳೆಯದೇ, ಆದರೆ ಅದರಲ್ಲಿ ಬಿ12 ಇಲ್ಲ. ಶಾಲೆಯಲ್ಲೇ ಕೊಡುವ ಕ್ಷೀರಭಾಗ್ಯದ ಹಾಲು ಕುಡಿದರೆ ಒಂದಿಷ್ಟು ಸಿಗುತ್ತದೆ. ಅದನ್ನೂ ಬಿಟ್ಟರೆ ಏನೂ ಇಲ್ಲ.

ಪುಣೆಯ ಸುತ್ತಲ ಹಳ್ಳಿಗಳಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಗರ್ಭಿಣಿಯರ ರಕ್ತ ಪರೀಕ್ಷಿಸಿದಾಗ ಮೂವರಲ್ಲಿ ಇಬ್ಬರಿಗೆ ಬಿ12 ಕಡಿಮೆಯಿತ್ತು. ಅದು ವೀಗನ್ ಕುಟುಂಬಗಳ ಅಧ್ಯಯನವಲ್ಲ, ಸಾಮಾನ್ಯ ಹಳ್ಳಿಮನೆಗಳದ್ದು. ಬಿ12 ಕಡಿಮೆಯಿದ್ದು ಫೋಲೇಟ್ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಆರನೆಯ ವಯಸ್ಸಿಗೆ ಇನ್ಸುಲಿನ್ ಪ್ರತಿರೋಧ ಹೆಚ್ಚು ಕಂಡಿತು. ನಾವು ಗರ್ಭಿಣಿಯರಿಗೆ ಹಂಚುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ, ಅಂದರೆ ಫೋಲೇಟಿನದೇ ಒಂದು ರೂಪ, ಇದೆ. ಬಿ12 ಇಲ್ಲ. ಫೋಲಿಕ್ ಆಮ್ಲ ಕೊಟ್ಟಾಗ ರಕ್ತ ಸುಧಾರಿಸಿದಂತೆ ಕಾಣಬಹುದು, ನರಗಳಿಗಾಗುವ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ. ಫೋಲಿಕ್ ಆಮ್ಲ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ, ಅದು ಕೂಸಿನ ಬೆನ್ನುಹುರಿಯನ್ನು ಕಾಯುತ್ತದೆ. ಅದರ ಜೊತೆಗೆ ಬಿ12 ಸೇರಿಸುವುದು ಸಾಧ್ಯವೇ, ಎಷ್ಟು ಸೇರಿಸಬೇಕು, ತಾಯಿ ಕಾರ್ಡಿನಲ್ಲಿ "ಹಾಲು, ಮೊಟ್ಟೆ, ಮೀನು, ಮಾಂಸ ಸೇವಿಸುತ್ತೀರಾ?" ಎಂಬ ಒಂದು ಸಾಲನ್ನು ಆಶಾ ಕಾರ್ಯಕರ್ತೆ ತುಂಬಿಸಿಕೊಳ್ಳಬಹುದೇ? ಮಧ್ಯಾಹ್ನದ ಗೋಷ್ಠಿಯನ್ನು ಈ ಪ್ರಶ್ನೆಗಳಿಗೇ ಮೀಸಲಿಡಬೇಕೆಂದು ಸಂಘಟಕರನ್ನು ಕೋರಿದ್ದೇನೆ, ಅವರು ಒಪ್ಪಿದ್ದಾರೆ.